ಹತ್ತು ಗಂಟೆ ಆದಮೇಲಿನ ಲೊಸಾನ್

ಸ್ವಿಟ್ಜರ್ಲೆಂಡಿನ ಊರುಗಳಲ್ಲಿ ಸಂಜೆ ಅಂಗಡಿ ಮುಚ್ಚಿದ ಮೇಲೆ ನೋಡೋಕೆ ಏನೂ ಉಳಿಯಲ್ಲ ಅಂತ ಬರೆದಿದ್ದೀರಿ. ಲೊಸಾನ್ ವಿಷಯದಲ್ಲಿ ಈ ಮಾತು ನಾನು ಖಂಡಿತ ಒಪ್ಪಲ್ಲ.

ಪಾಲೂ ಚೌಕದ ಹಿಂದಿನಿಂದ ಮರದ ಚಾವಣಿಯ ಹಳೇ ಮೆಟ್ಟಿಲು ಹತ್ತಿದರೆ ನೇರ ಕೆಥೆಡ್ರಲ್ ಹತ್ತಿರ ಬರ್ತೀರಿ. ಅದರ ಗೋಪುರದಲ್ಲಿ 1405ರಿಂದಲೂ ರಾತ್ರಿ ಕಾವಲು ಇದೆ. ಆಗೆಲ್ಲ ಮರದ ಮನೆಗಳು, ಎಲ್ಲಾದರೂ ಬೆಂಕಿ ಬಿದ್ದರೆ ಮೇಲಿಂದ ಮೊದಲು ಕಾಣಲಿ ಅನ್ನೋ ಉದ್ದೇಶ. ಇವತ್ತಿಗೂ ರಾತ್ರಿ ಹತ್ತರಿಂದ ಎರಡರವರೆಗೆ ಪ್ರತಿ ಗಂಟೆ ಹೊಡೆದ ತಕ್ಷಣ ಕಾವಲಿನವರು ಕಪ್ಪು ಟೋಪಿ ಹಾಕಿ, ಲಾಟೀನು ಹಿಡಿದು ಹೊರಗೆ ಬಂದು, ನಾಲ್ಕೂ ದಿಕ್ಕಿಗೆ ತಿರುಗಿ ಕೂಗ್ತಾರೆ: ‘ಕಾವಲಿನವನು ಹೇಳ್ತಿದ್ದೇನೆ, ಹತ್ತು ಹೊಡೆಯಿತು!’ ಮೈಕ್ ಇಲ್ಲ, ಟಿಕೆಟ್ ಇಲ್ಲ. ನಗರಸಭೆಯೇ ಸಂಬಳ ಕೊಟ್ಟು ನಡೆಸೋ ಕೆಲಸ ಇದು. 2021ರಲ್ಲಿ ಮೊದಲ ಸಲ ಒಬ್ಬ ಮಹಿಳೆ ಈ ಹುದ್ದೆಗೆ ಬಂದರು, ಅದು ಕೇಳಿ ನನಗಂತೂ ತುಂಬಾ ಖುಷಿಯಾಗಿತ್ತು.

ಗದ್ದಲವೇ ಬೇಕು ಅನ್ನೋರಿಗೆ ಕೆಳಗೆ ಫ್ಲೋನ್ ಕಡೆ ಕ್ಲಬ್ಬುಗಳಿವೆ. ಆದರೆ ಲೊಸಾನ್‌ನಲ್ಲಿ ಒಂದೇ ರಾತ್ರಿ ಇರೋರು ಹತ್ತಕ್ಕೆ ಐದು ನಿಮಿಷ ಮುಂಚೆ ಕೆಥೆಡ್ರಲ್ ಮುಂದೆ ಬಂದು ನಿಲ್ಲಿ. ಚಳಿಗಾಲವಾದರೆ ಒಳ್ಳೇ ಜಾಕೆಟ್ ಇರಲಿ, ಅಲ್ಲಿ ಗಾಳಿ ಜೋರು.