ಒಂದು ದಿನ ಮುಂದಕ್ಕೆ

ಲಿಸ್ಬನ್‌ನಲ್ಲಿ ಮನೆ ಮಾಡಿದವರಿಗೆ 'ಅದಿಯಾರ್' ಅನ್ನೋ ಪೋರ್ಚುಗೀಸ್ ಕ್ರಿಯಾಪದ ಕಲಿಯಲು ಪುಸ್ತಕ ಬೇಡ, ಅಡುಗೆಮನೆ ನಲ್ಲಿ ಸೋರಿದರೆ ಸಾಕು. ಅಂದರೆ ಮುಂದೂಡುವುದು.

ಇಂಗ್ಲಿಷಿಗೆ ತಂದರೆ ಈ ಒಂದು ಪದಕ್ಕೆ ದೊಡ್ಡ ಸಂಸಾರ. ಪೋಸ್ಟ್‌ಪೋನ್ ಅಂದರೆ ಹೊಸ ತಾರೀಖು ಬರುತ್ತೆ ಅನ್ನೋ ಆಸೆ ಇದೆ. ಅಡ್ಜರ್ನ್ ಕೋರ್ಟಿನವರದು. ಡಿಫರ್ ಅಂದರೆ ಫೈಲು ಕಪಾಟು ಸೇರಿತು ಅಂತ. ಪುಟ್ ಆಫ್ ಮಾತ್ರ ನಮ್ಮನೆಯದು, ಒಣಗಿದ ಬಟ್ಟೆ ಮಡಿಸೋ ವಿಷಯದಲ್ಲಿ ದಿನಾ ನಡೆಯುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇದರ ಪಕ್ಕದಲ್ಲೇ 'ಅದಿಯಂತಾರ್' ಅಂತ ಇನ್ನೊಂದಿದೆ. ಕೇಳೋಕೆ ಅಣ್ಣತಮ್ಮಂದಿರು, ಅರ್ಥ ಪೂರ್ತಿ ಉಲ್ಟಾ: ಹೇಳಿದ ದಿನಕ್ಕಿಂತ ಮೊದಲೇ ಮಾಡೋದು. ಗುರುವಾರ ಬರಬೇಕಿದ್ದ ಪ್ಲಂಬರ್ ಈ ಪದ ಹಾಕಿ ಮೆಸೇಜ್ ಕಳಿಸಿದ. ಮೊಬೈಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿತು: 'ಬ್ರಾಟ್ ಫಾರ್ವರ್ಡ್ ಬೈ ಒನ್ ಡೇ.'

ನಮ್ಮನೆಯವರು ಕನ್ನಡಕ ಏರಿಸಿ ಓದಿದರು. "ಒಂದು ದಿನ ಮುಂದಕ್ಕೆ ಹೋಯ್ತು ಕಣೇ. ಶುಕ್ರವಾರ ಬರ್ತಾನಂತೆ."

ಅವರ ಲೆಕ್ಕದಲ್ಲಿ ತಪ್ಪೇನಿದೆ ಹೇಳಿ? ಫಾರ್ವರ್ಡ್ ಅಂದರೆ ಮುಂದಕ್ಕೆ. ಕನ್ನಡದಲ್ಲಿ ಮದುವೆ ಮುಂದಕ್ಕೆ ಹೋಯ್ತು ಅಂದರೆ ಛತ್ರದವರೂ ನಿಟ್ಟುಸಿರು ಬಿಡುತ್ತಾರೆ. ಪ್ಲಂಬರ್ ಬುಧವಾರವೇ ಬಂದು, ಬೆಲ್ ಒತ್ತಿ, ಬಾಗಿಲ ಸಂದಿಯಲ್ಲಿ ಚೀಟಿ ಸಿಕ್ಕಿಸಿ ಹೋಗಿದ್ದ. ಆ ಹೊತ್ತಿಗೆ ನಾವಿಬ್ಬರೂ ಅಂಗಡಿಯಲ್ಲಿ ಬಕೆಟ್ ಆರಿಸುತ್ತಿದ್ದೆವು, ಶುಕ್ರವಾರದವರೆಗೆ ಸೋರೋ ನೀರು ಹಿಡಿಯೋಕೆ. ಮೊಬೈಲ್ ಸುಮ್ನೆ 'ಪ್ರೀಪೋನ್' ಅಂದಿದ್ದರೆ ಬಕೆಟ್ ದುಡ್ಡು ಉಳಿಯುತ್ತಿತ್ತು. ನಮ್ಮ ಇಂಡಿಯಾದ ಇಂಗ್ಲಿಷನ್ನು ಕೇಳಿ ನಗೋರು ನಗಲಿ, ಆಕ್ಸ್‌ಫರ್ಡ್ ನಿಘಂಟಿನವರೇ ಅದನ್ನು ಸೇರಿಸಿಕೊಂಡಿದ್ದಾರೆ.

ಚೀಟಿ ಓದಿ ಹೇಳಿದ ಕೆಳಗಿನ ಮನೆ ಅಜ್ಜಿ, "ಸಾಂತಾ ಎಂಗ್ರಾಸಿಯಾ ಕೆಲಸ!" ಅಂತ ಕೈ ಕೊಡವಿದರು. ಅದು ಇದೇ ಊರಿನ ಚರ್ಚು. ಕಟ್ಟೋಕೆ ಶುರು ಮಾಡಿದ್ದು 1682ರಲ್ಲಿ, ಮುಗಿದದ್ದು 1966ರಲ್ಲಿ. ಈಗ ದೇಶದ ಗಣ್ಯರ ಸಮಾಧಿಗಳು ಅಲ್ಲಿವೆ, ಫಾಡೋ ಅನ್ನೋ ಪೋರ್ಚುಗೀಸ್ ಹಾಡುಗಳ ಗಾಯಕಿ ಅಮಾಲಿಯಾ ರೊಡ್ರಿಗಸ್ ಅವರದೂ ಇದೆ. ಮುಗಿಯದ ಕೆಲಸಕ್ಕೆಲ್ಲ ಪೋರ್ಚುಗೀಸರು ಆ ಚರ್ಚಿನ ಹೆಸರನ್ನೇ ಹೇಳುತ್ತಾರೆ. ಮಾಡದ ಕಳ್ಳತನಕ್ಕೆ ಬೆಂಕಿಗೆ ಬಿದ್ದವನೊಬ್ಬ, ಈ ಕಟ್ಟಡ ಎಂದೂ ಮುಗಿಯದಿರಲಿ ಅಂತ ಶಾಪ ಹಾಕಿದನಂತೆ.

ನನಗೇಕೋ ಶಾಪದ ಮೇಲೆ ನಂಬಿಕೆ ಇಲ್ಲ. ಬೇಗ ಮುಗಿಸಿ ಅಂತ ಬಂದ ಕಾಗದವನ್ನು ನಮ್ಮನೆಯವರಂಥವರು ಯಾರೋ ಮೇಸ್ತ್ರಿಗೆ ಓದಿ ಹೇಳಿರಬೇಕು.