ಹೌದೆನ್ನಲಾರದ ಬಸವ

ಹಾಸನದಲ್ಲಿ ಕೋಲೆ ಬಸವನಿಗೂ ಅವನನ್ನು ಆಡಿಸುವವನಿಗೂ ಒಂದು ಪ್ರತಿಮೆ ಆಗಲಿ ಎಂದರೆ ಬೇಡವೆನ್ನುವವರು ಸಿಗಲಿಕ್ಕಿಲ್ಲ. ತಕರಾರು ಏಳುವುದು ಎಲ್ಲಿ ನಿಲ್ಲಿಸುವುದು ಎಂಬಲ್ಲಿ. ರಸ್ತೆ, ಫುಟ್‌ಪಾತುಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಹಾಗಾಗಿ ಊರ ರಸ್ತೆಯಲ್ಲಿರುವ ಹೇಮಾವತಿ ಪ್ರತಿಮೆಯ ಪಕ್ಕ ಇವನಿಗೂ ಎರಡು ಗಜ ಜಾಗ ಕೇಳುವಂತಿಲ್ಲ. ಬೀದಿಯಲ್ಲೇ ಬದುಕಿದವನು ಕಂಚಾದ ಮೇಲೆ ಬೀದಿ ಬಿಟ್ಟು ಹಾಸನಾಂಬ ಕಲಾಕ್ಷೇತ್ರದ ಅಂಗಳದಂಥ ಕಡೆ ಸೇರಿಕೊಳ್ಳಬೇಕು. ಜೀವ ಇದ್ದಾಗ ಅವನನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು, ಅದು ಬೇರೆ ಮಾತು.

ಬೇಲೂರು, ಹಳೇಬೀಡು ಇರುವ ಜಿಲ್ಲೆಯಲ್ಲಿ ಕಂಚು ಯಾಕೆ, ಕಲ್ಲಿಗೇನು ಬರ ಎನ್ನಬಹುದು. ಬಳಪದ ಕಲ್ಲು ಅಗೆದು ತೆಗೆದ ಹೊಸತರಲ್ಲಿ ಮೆತ್ತಗಿದ್ದು ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಹಳೇಬೀಡಿನ ನಂದಿಗಳ ಕೊರಳ ಸರ, ಗಂಟೆ ಎಲ್ಲ ಬಂದದ್ದು ಹಾಗೆ. ಆದರೆ ಆ ನಂದಿಗಳು ಕೂತಿವೆ. ಕಲ್ಲು ಭಾರ ಹೊರುತ್ತದೆ, ಬಳುಕುವುದಿಲ್ಲ; ತುಂಬಿದ ಹೊಟ್ಟೆಯ ಕೆಳಗೆ ನಾಲ್ಕು ತೆಳು ಕಾಲು ಕಡೆದರೆ ಒಂದು ಪೆಟ್ಟಿಗೆ ಮೊಣಕಾಲು ಹೋದೀತು. ಕೋಲೆ ಬಸವ ಕೂತು ಆಡುವವನಲ್ಲ. ಫೈಬರಿನಲ್ಲಿ ಮಾಡಿ ಕಂಚಿನ ಬಣ್ಣ ಬಳಿಯುವವರಿದ್ದಾರೆ. ಬಿಸಿಲಿಗೆ ಬಣ್ಣ ಏಳುತ್ತದೆ, ಕಿವಿ ಸೀಳುತ್ತದೆ. ಆ ಮಾತು ಸಾಕು.

ಕಂಚೆಂದರೆ ಟೊಳ್ಳು ಎರಕ. ಮೊದಲು ಜೇಡಿಮಣ್ಣಿನ ರೂಪ, ಅದರ ಮೇಲೆ ಸಿಲಿಕಾನ್ ರಬ್ಬರಿನ ಅಚ್ಚು. ಜೂಲಿನ ಮಡಿಕೆ, ಗೆಜ್ಜೆ, ಕೊಂಬಿನ ಅಣಸು ಇವುಗಳ ಸಂದಿನಿಂದ ಪ್ಲಾಸ್ಟರಿನ ಅಚ್ಚು ಬಿಡಿಸಿಕೊಂಡು ಬರುವುದಿಲ್ಲ. ಅಚ್ಚಿನೊಳಗೆ 5 ಮಿ.ಮೀ. ಮೇಣ ಹಚ್ಚಿ, ಒಳಗೆ ಬೆಂಕಿ ತಾಳುವ ತಿರುಳು ತುಂಬಿ, ಅಚ್ಚು ಬಿಡಿಸಿ, ಮೇಣದ ಹೊರಗೆ ಕವಚ ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಸುಮಾರು 1,100 ಡಿಗ್ರಿಯ ಕಂಚು ಹೊಯ್ಯುವುದು. ಕವಚದಲ್ಲಿ ತೇವ ಉಳಿದರೆ ಆವಿಯೆದ್ದು ಮೈಯೆಲ್ಲ ಸೂಜಿರಂಧ್ರ. ಕಂಚು ಆರಿದ್ದರೆ ಕಿವಿತುದಿಗೆ ಹೋಗುವ ಮೊದಲೇ ಹೆಪ್ಪುಗಟ್ಟಿ ಬಸವ ಮೊಂಡುಕಿವಿಯವನಾಗುತ್ತಾನೆ. ತಿರುಳನ್ನು ಮೊಳೆಗಳಿಂದ ಹಿಡಿದಿಡದಿದ್ದರೆ ಅದು ಸರಿದು, ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೂತು. ಆರುವಾಗ ಲೋಹ ಸುಮಾರು ನೂರಕ್ಕೆ ಒಂದೂವರೆಯಷ್ಟು ಕುಗ್ಗುವುದರಿಂದ ಆರಡಿ ಆಳು ಒಂದಂಗುಲ ಗಿಡ್ಡವಾಗುತ್ತಾನೆ. ಮಣ್ಣಿನಲ್ಲೇ ಅಷ್ಟು ಉದ್ದ ಸೇರಿಸಿರಬೇಕು. ಈ ದಪ್ಪದಲ್ಲಿ ಒಂದು ಚದರ ಮೀಟರಿಗೆ 44 ಕೆ.ಜಿ. ತೂಗುತ್ತದೆ. ಬಸವನ ಮೈ ಅಳೆದು ಗುಣಿಸಿದರೆ ಸಮಿತಿಯವರು ಫೈಬರೇ ಚೆನ್ನ ಅಂದಾರು.

ಭಂಗಿ ಯಾವುದು? “ಅಮ್ಮಾವ್ರಿಗೆ ಒಳ್ಳೇದಾಯ್ತದಾ ಬಸವಣ್ಣ?” ಅಂದಾಗ ತಲೆ ಮೇಲೆ ಕೆಳಗೆ ಆಡಬೇಕು, ಆಟವಿರುವುದೇ ಆ ಆಡುವಿಕೆಯಲ್ಲಿ. ಕಂಚಿಗೆ ಸಿಗುವುದು ಒಂದೇ ಗಳಿಗೆ. ತಲೆ ಪೂರ್ತಿ ತಗ್ಗಿಸಿದರೆ ಮೇಯುತ್ತಿದೆ ಎಂದುಕೊಳ್ಳುತ್ತಾರೆ, ಪೂರ್ತಿ ಎತ್ತಿದರೆ ನಿರಾಕರಿಸಿದ ಹಾಗೆ. ಅರ್ಧ ತಗ್ಗಿದ ಮುಖ, ಮುಂದಕ್ಕೆ ತಿರುಗಿದ ಕಿವಿ, ಸಡಿಲ ಮೂಗುದಾರ, ಇದು ಸರಿ. ಹಗ್ಗ ಬಿಗಿಯಾಗಿದ್ದರೆ ಬಸವನ ಬದಲು ಹಗ್ಗವೇ ಹೌದೆಂದಂತಾಗುತ್ತದೆ. ಮಕ್ಕಳು ಮೊದಲು ಜೋತುಬೀಳುವುದೂ ಆ ಹಗ್ಗಕ್ಕೇ. ಅದನ್ನು ಎರಕ ಹೊಯ್ಯದೆ, ಕಂಚಿನ ಸರಳನ್ನೇ ಹೊಸೆದು ಬೆಸೆಯುವುದು ಲೇಸು. ಕಬ್ಬಿಣದ ತಂತಿ ಬೇಡ: ಕಂಚಿಗೆ ತಾಗಿಕೊಂಡ ಕಬ್ಬಿಣ ಮಳೆನೀರಿನಲ್ಲಿ ಬೇಗ ತುಕ್ಕು ತಿನ್ನುತ್ತದೆ. ಟೊಳ್ಳು ಮೈಯೊಳಗೆ ನೀರು ನಿಲ್ಲದಂತೆ ತೂತು ಬಿಡಬೇಕು, ಅದೂ ಗೊರಸಿನಲ್ಲಿ. ಹೊಟ್ಟೆಯಡಿ ಬಿಟ್ಟರೆ ಆಷಾಢವಿಡೀ ತೊಟ್ಟಿಕ್ಕುವುದನ್ನು ನೋಡಿ ಜನ ಬೇರೇನೋ ಅಂದುಕೊಂಡಾರು.

ಎತ್ತರದ ಪೀಠ ಬೇಡ, ಅರ್ಧ ಅಡಿ ಸಾಕು. ಮೇಲೇರಿಸಿದ ಮನುಷ್ಯನ ಮುಂದೆ ಯಾರೂ ಮೊರ ಹಿಡಿದು ಬರುವುದಿಲ್ಲ. ಆದರೆ ತಗ್ಗಿನಲ್ಲಿಟ್ಟ ಬಸವನ ಹಣೆಗೆ ಮೊದಲ ಸೋಮವಾರವೇ ಅರಿಶಿನ ಕುಂಕುಮ ಬೀಳುವುದು ಖಂಡಿತ. ಎಣ್ಣೆ ದೂಳನ್ನು ಹಿಡಿದಿಡುತ್ತದೆ, ನಿಂಬೆಹುಳಿ ಬಣ್ಣ ತಿನ್ನುತ್ತದೆ. ಮೆದು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಮಳೆಗಾಲಕ್ಕೆ ಮುಂಚೆ ಒಂದು ಕೈ ಮೇಣ ಉಜ್ಜಬೇಕು. ಪಕ್ಕದಲ್ಲಿ ಕೈಚಾಚಿ ನಿಂತವನಿಗೂ ಅಷ್ಟೇ ಉಜ್ಜಬೇಕು. ಅವನ ಅಂಗೈಯಲ್ಲಿ ಜನ ಇಟ್ಟುಹೋದ ಚಿಲ್ಲರೆಯನ್ನು ಮೊದಲು ತೆಗೆದು.