ಜಾಗ ಇಲ್ಲ ಅಂದ ಕಂಪ್ಯೂಟರ್, ಖಾಲಿಯಾದ ಪೆನ್‌ಡ್ರೈವ್

ಹೋದ ದೀಪಾವಳಿಗೆ ಊರಿಗೆ ಹೋದಾಗ ಚೀಲ ಕೆಳಗಿಡುವ ಮೊದಲೇ ದೊಡ್ಡಪ್ಪ ಹಿಡಿದುಕೊಂಡರು. "ತಮಾ, ಪೆನ್‌ಡ್ರೈವ್ ಪೂರ್ತಿ ಖಾಲಿ ಮಾಡಿ ಆತು. ಆದ್ರೂ ಜಾಗ ಇಲ್ಲೆ ಹೇಳ್ತು."

ಸಾಗರದ ಹತ್ತಿರದ ಹಳ್ಳಿ ನಮ್ಮದು. ದೊಡ್ಡಪ್ಪನ ಕಂಪ್ಯೂಟರ್ ತೀರಾ ಹಳೆಯದು. ಅಡಿಕೆ ಲೆಕ್ಕ ಬರೆಯೋಕೆ, ಪಂಚಾಂಗ ನೋಡೋಕೆ ಅಷ್ಟು ಸಾಕು ಅಂತ ಇಟ್ಟುಕೊಂಡಿದ್ದಾರೆ. ಮೊಮ್ಮಗಳ ಮದುವೆಯ ವಿಡಿಯೊ ಬಂದಿತ್ತು, 5.4 ಜಿಬಿಯ ಒಂದೇ ಫೈಲ್. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ನೋಡುವ ಆಸೆ. ಪೆನ್‌ಡ್ರೈವ್ 16 ಜಿಬಿಯದು, ಅದರಲ್ಲಿ ಒಂದು ಜಿಬಿಯೂ ತುಂಬಿರಲಿಲ್ಲ. ಕಾಪಿ ಮಾಡಿದರೆ ಕಂಪ್ಯೂಟರ್ ಹೇಳಿದ್ದು ಇಷ್ಟು: ಡಿಸ್ಕ್‌ನಲ್ಲಿ ಸಾಕಷ್ಟು ಜಾಗ ಇಲ್ಲ, ಒಂದೋ ಎರಡೋ ಫೈಲ್ ಅಳಿಸಿ ಮತ್ತೆ ಪ್ರಯತ್ನಿಸಿ.

ದೊಡ್ಡಪ್ಪ ಹೇಳಿದ ಮಾತು ಕೇಳುವ ಮನುಷ್ಯ. ಒಂದು ಅಳಿಸಿದರು. ಮತ್ತೆ ಅದೇ ಮಾತು. ಹತ್ತು ಅಳಿಸಿದರು. ಕೊನೆಗೆ ಎಲ್ಲವನ್ನೂ ಅಳಿಸಿದರು. ಅದರಲ್ಲಿದ್ದದ್ದು ಅಜ್ಜನ ಕಾಲದ ಮನೆಯನ್ನು ಕೆಡವುವ ಮೊದಲು ತೆಗೆದ ಸುಮಾರು ಇನ್ನೂರು ಫೋಟೊ. ಬೇರೆ ಕಡೆ ಪ್ರತಿ ಇರಲಿಲ್ಲ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಸೀದಾ ಮಾಯ. ಇದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕು ಅಂತ ನಿರೀಕ್ಷೆ ಮಾಡೋದೂ ತಪ್ಪು.

ಜಾಗದ್ದು ಸಮಸ್ಯೆಯೇ ಆಗಿರಲಿಲ್ಲ. ಆ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. 1996ರಲ್ಲಿ ಬಂದ ಪದ್ಧತಿ ಅದು. ಅದರಲ್ಲಿ ಪ್ರತಿ ಫೈಲ್‌ನ ಅಳತೆ ಬರೆದುಕೊಳ್ಳಲು 32 ಬಿಟ್‌ನ, ಅಂದರೆ ಸೊನ್ನೆ-ಒಂದು ಬರೆಯುವ 32 ಮನೆಗಳ, ಒಂದು ಕಾಲಂ ಇದೆ. ಆ ಕಾಲಂನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅಂದರೆ 4 ಜಿಬಿಗೆ ಒಂದು ಬೈಟ್ ಕಮ್ಮಿ. ಅದಕ್ಕಿಂತ ದೊಡ್ಡ ಫೈಲ್ ಬಂದರೆ ಅಳತೆ ಬರೆಯಲು ಜಾಗವಿಲ್ಲ, ಫೈಲ್ ಇಡಲು ಬೇಕಾದಷ್ಟಿದೆ. ಕಣಜ ಖಾಲಿ ಇದ್ದರೂ ಲೆಕ್ಕದ ಪುಸ್ತಕದಲ್ಲಿ ಅಂಕಿ ಹಿಡಿಸುವುದಿಲ್ಲ ಅಂತ ಭತ್ತ ವಾಪಸ್ ಕಳಿಸಿದ ಹಾಗೆ. ಈಗಿನ ಕಂಪ್ಯೂಟರ್‌ಗಳು 'ಈ ಡ್ರೈವ್‌ಗೆ ಫೈಲ್ ತೀರಾ ದೊಡ್ಡದು' ಅಂತ ಸರಿಯಾಗೇ ಹೇಳುತ್ತವೆ. ದೊಡ್ಡಪ್ಪನದಕ್ಕೆ ಆ ಮಾತು ಬರುತ್ತಿರಲಿಲ್ಲ. ಬಾಯಿಗೆ ಬಂದ ಹತ್ತಿರದ ಮಾತು ಹೇಳಿತು.

ತಪ್ಪು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಎಲ್ಲ ತೊಂದರೆಗೂ ಬೇರೆ ಬೇರೆ ಮಾತು ಬರೆದಿಡೋದು ಸುಲಭವೂ ಅಲ್ಲ. ನನ್ನ ಸಿಟ್ಟು ಎರಡನೇ ವಾಕ್ಯದ ಮೇಲೆ. 'ಅಳಿಸಿ' ಅಂತ ಸಲಹೆ ಕೊಡೋಕೆ ಹೇಳಿದ್ದು ಯಾರು? ಕಾರಣ ಗೊತ್ತಿಲ್ಲದವನು ಸುಮ್ನೆ 'ಆಗಲಿಲ್ಲ' ಅಂದರೆ ಸಾಕಲ್ವಾ? ಏನಾಗಿದೆ ಅಂತ ತಿಳಿಯದೆ ಹಲ್ಲು ಕೀಳುವ ವೈದ್ಯರ ಹತ್ತಿರ ನಾವು ಹೋಗ್ತೀವಾ?

ಇದು ಹಳೆ ಕಾಲದ ರೋಗ ಮಾತ್ರ ಅಂದುಕೊಳ್ಳಬೇಡಿ. 'ಜಾಗ ಇಲ್ಲ' ಅನ್ನೋದು ಕಂಪ್ಯೂಟರ್ ಲೋಕದಲ್ಲಿ ಎಲ್ಲದಕ್ಕೂ ಸಲ್ಲುವ ನೆಪ. ಮೇಲ್‌ನಲ್ಲಿ ಬಂದ ಸಣ್ಣ ಎಕ್ಸೆಲ್ ಫೈಲ್ ತೆರೆಯಲು ಹೋದರೆ ಕೆಲವೊಮ್ಮೆ 'ಮೆಮೊರಿ ಅಥವಾ ಡಿಸ್ಕ್ ಜಾಗ ಸಾಲದು' ಅಂತ ಬರುತ್ತದೆ. ಫೈಲ್ ನೋಡಿದರೆ 40 ಕೆಬಿ! ಹೊರಗಿನಿಂದ ಬಂದದ್ದು ಅಂತ ಅದನ್ನು ತಡೆದು ಇಟ್ಟಿರುವುದೇ ಎಷ್ಟೋ ಸಲ ನಿಜವಾದ ಕಾರಣ. ಕಳಿಸಿದವರು ಯಾರು ಅಂತ ಖಾತ್ರಿ ಮಾಡಿಕೊಂಡು, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಗುರುತು ಹಾಕಿದರೆ ತೆರೆದುಕೊಳ್ಳುತ್ತದೆ. ವರ್ಡ್‌ನಲ್ಲೂ ಇದೇ ಮಾತು ಬರುವುದುಂಟು. ಅಲ್ಲಿ ಬಹಳ ಸಲ ಕೆಟ್ಟಿರುವುದು ಹೊಸ ಪುಟಗಳಿಗೆ ಅದು ಬಳಸುವ 'ನಾರ್ಮಲ್' ಎಂಬ ಮಾದರಿ ಫೈಲ್, ಡಿಸ್ಕ್ ಅಲ್ಲ.

2018ರಲ್ಲಿ ವಿಂಡೋಸ್ 10ಕ್ಕೆ 1803 ಎಂಬ ಅಪ್‌ಡೇಟ್ ಬಂದ ಮೇಲೆ ಎಷ್ಟೋ ಜನರಿಗೆ ಹೊಸ ಡ್ರೈವ್ ಒಂದು ಕಾಣಿಸತೊಡಗಿತು. ಕೆಲವು ನೂರು ಎಂಬಿಯದು, ಹೆಚ್ಚುಕಮ್ಮಿ ಪೂರ್ತಿ ತುಂಬಿದ್ದು. ಮೂಲೆಯಲ್ಲಿ ಮತ್ತೆ ಮತ್ತೆ 'ಜಾಗ ಕಮ್ಮಿ' ಅಂತ ಎಚ್ಚರಿಕೆ. ಅದು ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಬೇಕಾದ ರಿಕವರಿ ಭಾಗ, ಯಾವಾಗಲೂ ಮುಚ್ಚಿಟ್ಟಿರುವಂಥದ್ದು. ಅದಕ್ಕೆ ಅಪ್ಪಿತಪ್ಪಿ ಡ್ರೈವ್ ಅಕ್ಷರ ಸಿಕ್ಕಿ ಹೊರಗೆ ಕಂಡಿತ್ತು ಅಷ್ಟೇ. ಜನ ಸಿ ಡ್ರೈವ್ ಅಳಿಸುತ್ತಾ ಕೂತರು. ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಸಲಕರಣೆ ತೆರೆದು ಆ ಅಕ್ಷರ ಒಂದನ್ನು ತೆಗೆದರೆ ಮುಗಿಯಿತು. ಅಕ್ಷರ ಮಾತ್ರ, ಆ ಭಾಗವನ್ನೇ ಅಳಿಸಿಬಿಟ್ಟೀರಿ ಮತ್ತೆ!

ನನಗೆ ತುಂಬಾ ಇಷ್ಟವಾದದ್ದು ಇದರ ಉಲ್ಟಾ. ತೊಂಬತ್ತರ ದಶಕದ ಆಟಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಹಾಕಲು ಹೋದರೆ ಕೆಲವು ಇನ್‌ಸ್ಟಾಲರ್‌ಗಳು ಜಾಗ ಇಲ್ಲ ಅನ್ನುತ್ತವೆ. ಅವು ಖಾಲಿ ಜಾಗವನ್ನು ಎಣಿಸುವುದು ಅದೇ 32 ಬಿಟ್‌ನಲ್ಲಿ, ಅದರಲ್ಲೂ ಅರ್ಧ ಮೈನಸ್ ಸಂಖ್ಯೆಗಳಿಗೆ ಮೀಸಲು. 2 ಜಿಬಿ ದಾಟಿದರೆ ಲೆಕ್ಕ ತಲೆಕೆಳಗಾಗಿ ಸೊನ್ನೆಗಿಂತ ಕೆಳಗೆ ಹೋಗಬಹುದು. ಅಂದರೆ ಜಾಗ ಜಾಸ್ತಿ ಇದ್ದದ್ದೇ ತಪ್ಪು. ಜನ ಏನು ಮಾಡುತ್ತಾರೆ ಗೊತ್ತಾ? ಒಂದು ದೊಡ್ಡ ದಂಡ ಫೈಲ್ ಸೃಷ್ಟಿಸಿ, ಖಾಲಿ ಜಾಗ 2 ಜಿಬಿಗಿಂತ ಕಮ್ಮಿ ಆಗುವಷ್ಟು ಡಿಸ್ಕ್ ತುಂಬಿಸುತ್ತಾರೆ. ಆಗ ಆಟ ಸಂತೋಷದಿಂದ ಇನ್‌ಸ್ಟಾಲ್ ಆಗುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರು ನಗಬೇಡಿ, ನಿಮ್ಮದೂ ಇದೆ. ಡಿಸ್ಕ್ ಅರ್ಧ ಖಾಲಿ ಇದ್ದರೂ ಪುಟಾಣಿ ಫೈಲ್‌ಗಳು ಲಕ್ಷಗಟ್ಟಲೆ ಸೇರಿ ಐನೋಡ್, ಅಂದರೆ ಪ್ರತಿ ಫೈಲ್‌ನ ವಿವರ ಬರೆದಿಡುವ ಸಾಲು, ಮುಗಿದರೆ ಇದೇ ಉತ್ತರ. ಒಂದೇ ಯುಎಸ್‌ಬಿ ಹಬ್‌ಗೆ ಎರಡು ಕ್ಯಾಮೆರಾ ಸಿಕ್ಕಿಸಿ ಚಾಲೂ ಮಾಡಿದರೂ 'ಸಾಧನದಲ್ಲಿ ಜಾಗ ಉಳಿದಿಲ್ಲ' ಅಂತ ಬರಬಹುದು. ಕ್ಯಾಮೆರಾದಲ್ಲಿ ಎಂಥ ಜಾಗ! ಕೊರತೆ ಇರುವುದು ತಂತಿಯಲ್ಲಿ ಡೇಟಾ ಸಾಗುವ ದಾರಿಯದ್ದು.

ನಿಜವಾಗಿ ಡಿಸ್ಕ್ ತುಂಬುವುದಿಲ್ಲ ಅಂತಲ್ಲ. ತುಂಬುತ್ತದೆ, ಆಗ ವಿಜ್‌ಟ್ರೀ ಥರದ ಡಿಸ್ಕ್ ಲೆಕ್ಕ ತೋರಿಸುವ ಪ್ರೋಗ್ರಾಮ್ ಒಂದು ಓಡಿಸಿದರೆ ಯಾವುದು ಎಷ್ಟು ತಿಂದಿದೆ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ರೌಸರ್‌ನಲ್ಲಿ ಕೆಂಪು ಬಣ್ಣದಲ್ಲಿ ಕುಣಿಯುತ್ತಾ 'ನಿಮ್ಮ ಡಿಸ್ಕ್ ತುಂಬಿದೆ, ಇಲ್ಲಿ ಒತ್ತಿ' ಅನ್ನುವುದನ್ನು ಮಾತ್ರ ಮುಟ್ಟಲೇಬೇಡಿ, ಅದು ಮೋಸ.

ಉಳಿದಂತೆ ಈಗ ಯಾರಾದರೂ ಫೋನ್ ಮಾಡಿ 'ಜಾಗ ಇಲ್ಲ ಅಂತಿದೆ' ಅಂದರೆ ನಾನು ಮೊದಲು ಹೇಳುವುದು ಏನನ್ನೂ ಅಳಿಸಬೇಡಿ ಅಂತ. ಆಮೇಲೆ ಕೇಳುತ್ತೇನೆ, ಯಾವ ಡ್ರೈವ್‌ನಲ್ಲಿ ಅಂತಿದೆ? ಹೇಳುತ್ತಿರುವುದು ಕಂಪ್ಯೂಟರೋ, ಅದರೊಳಗಿನ ಯಾವುದೋ ಒಂದು ಪ್ರೋಗ್ರಾಮೋ? ಆ ಡ್ರೈವ್‌ಗೆ ಒಂದು ಸಣ್ಣ ಫೋಟೊ ಕಾಪಿ ಮಾಡಿ ನೋಡಿ. ಸಣ್ಣದು ಹೋಗಿ ದೊಡ್ಡದು ಹೋಗದಿದ್ದರೆ, ಖಾಲಿ ಜಾಗವೂ ಕಾಣುತ್ತಿದ್ದರೆ, ಕಥೆ ಬೇರೆ.

ದೊಡ್ಡಪ್ಪನ ವಿಡಿಯೊವನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ತುಂಡು ಮಾಡಿದೆ. ಧಾರೆ ಒಂದರಲ್ಲಿ, ಊಟ ಇನ್ನೊಂದರಲ್ಲಿ. ಊಟದ ತುಂಡನ್ನೇ ಎಲ್ಲರೂ ಎರಡು ಸಲ ನೋಡಿದರು. ಆದರೆ ಹಳೇ ಪೆನ್‌ಡ್ರೈವ್‌ಗೆ ಅದನ್ನು ಹಾಕಲಿಲ್ಲ. ಬೇರೆಯದರಲ್ಲಿ ಹಾಕಿದೆ. ಫ್ಯಾಟ್32ರಲ್ಲಿ ಫೈಲ್ ಅಳಿಸುವುದು ಅಂದರೆ ಹೆಸರಿನ ಮೊದಲ ಅಕ್ಷರ ಕೆಡಿಸಿ, ಜಾಗ ಖಾಲಿ ಅಂತ ಗುರುತು ಹಾಕುವುದು. ಫೋಟೊ ಅಲ್ಲೇ ಬಿದ್ದಿರುತ್ತದೆ, ಅದರ ಮೇಲೆ ಇನ್ನೇನಾದರೂ ಬರೆಯುವ ತನಕ. ಅಳಿಸಿದ ಮೇಲೂ ಕಂಪ್ಯೂಟರ್ ಹಟ ಹಿಡಿದು ವಿಡಿಯೊ ಬೇಡ ಅಂದಿತ್ತಲ್ಲ, ಆ ಹಟವೇ ನಮ್ಮ ಪುಣ್ಯವಾಯಿತು.

ಅಳಿಸಿದ ಫೈಲ್ ಹುಡುಕಿ ಕೊಡುವ ಫೋಟೊರೆಕ್ ಎಂಬ ಪ್ರೋಗ್ರಾಮ್ ಓಡಿಸಿ ಜಗಲಿಯಲ್ಲಿ ಕೂತೆವು. ಹೆಚ್ಚಿನವು ವಾಪಸ್ ಬಂದವು. ಹೆಸರುಗಳು ಮಾತ್ರ ಬರಲಿಲ್ಲ, ಎಲ್ಲದಕ್ಕೂ ಎಫ್ ಅಕ್ಷರ, ಮುಂದೆ ಉದ್ದದ ಸಂಖ್ಯೆ. ದೊಡ್ಡಪ್ಪ ಒಂದೊಂದನ್ನೇ ನೋಡಿ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಅಟ್ಟದ ಏಣಿ. ದೇವರ ಕೋಣೆಯ ಬಾಗಿಲು. ಬಚ್ಚಲ ಒಲೆ. ಒಂದರಲ್ಲಿ ಅರ್ಧ ಮಾಡು ಕಾಣುತ್ತಿತ್ತು, ಕೆಳಗಿನ ಅರ್ಧ ಬರೀ ಬೂದು ಬಣ್ಣ.

"ಇದು ಹಾಳಾಗಿದೆ ದೊಡ್ಡಪ್ಪ, ಅಳಿಸಲಾ?" ಅಂತ ಕೇಳಿದೆ.

"ಇರ್ಲಿ ಬಿಡು ತಮಾ," ಅಂದರು. "ಜಾಗ ಇದ್ದಲ."